ಸ್ಟೇಡಿಯಂ ಹೌಸ್‌ಫುಲ್ ಆಗುತ್ತದೆಯೇ? ನಾನು ಲೆಕ್ಕ ಹಾಕುವ ಬಗೆ

ರಾಕ್ ಬ್ಯಾಂಡೊಂದು ಪ್ರವಾಸ ಹೊರಟಿದೆ ಎಂದಾಗ ಕಾರ್ಯಕ್ರಮಕ್ಕೆ ಹಣ ಹಾಕಿ ನಡೆಸುವ ಪ್ರಮೋಟರ್ ಕಡೆಯಿಂದ ನನಗೆ ಬರುವ ಪ್ರಶ್ನೆ ಒಂದೇ: ಈ ಊರಿನಲ್ಲಿ ಸ್ಟೇಡಿಯಂ ತುಂಬುತ್ತಾ? ನಾನು ಮೊದಲು ಬ್ಯಾಂಡಿನ ಹೆಸರನ್ನು ಬದಿಗಿಟ್ಟು ಸ್ಟೇಡಿಯಂನ ನಕ್ಷೆ ಬಿಚ್ಚುತ್ತೇನೆ. ಎಷ್ಟು ತುಂಬಬೇಕು ಎಂದೇ ಗೊತ್ತಿಲ್ಲದಿದ್ದರೆ ತುಂಬುತ್ತದೆಯೋ ಇಲ್ಲವೋ ಎಂದು ಹೇಳುವುದು ಹೇಗೆ? ಸ್ಟೇಡಿಯಂನವರು ಹೇಳುವ ಸೀಟಿನ ಸಂಖ್ಯೆ ಆಟಕ್ಕೆ ಸರಿ. ಹಾಡಿಗೆ ಮಾರಲು ಸಿಗುವ ಟಿಕೆಟ್ಟೇ ಬೇರೆ.

50,000 ಸೀಟಿನ ಫುಟ್‌ಬಾಲ್ ಸ್ಟೇಡಿಯಂ ಒಂದನ್ನು ತೆಗೆದುಕೊಳ್ಳೋಣ. ಸ್ಟೇಜನ್ನು ಒಂದು ಗೋಲಿನ ತುದಿಗೆ ಕಟ್ಟಿದರೆ ಅದರ ಹಿಂದಿನ ಸ್ಟ್ಯಾಂಡ್ ಪೂರ್ತಿ ಹೋಯಿತು, ಎರಡೂ ಬದಿಯ ಮೂಲೆಗಳಲ್ಲೂ ಒಂದಷ್ಟು ಹೋಯಿತು. ಇವನ್ನು ನಾವು ಕಿಲ್ ಸೀಟು ಎನ್ನುತ್ತೇವೆ. ನೂರಕ್ಕೆ 30 ಎಂದು ಹಿಡಿದರೆ ಉಳಿದದ್ದು 35,000. ಮೈದಾನದ ನಡುವೆ ಧ್ವನಿ ನಿಯಂತ್ರಿಸುವವರು ಕೂರುವ ಮಿಕ್ಸರ್ ಗೋಪುರ, ಅದರಾಚೆ ಹಿಂದಿನವರಿಗೆ ಸದ್ದು ಮುಟ್ಟಿಸುವ ಡಿಲೇ ಸ್ಪೀಕರ್ ಕಂಬಗಳು, ಕ್ಯಾಮೆರಾ ಅಟ್ಟಣಿಗೆ, ಇವುಗಳ ಮರೆಯಲ್ಲಿ ಬೀಳುವ ಸೀಟುಗಳು ಇನ್ನೊಂದು 1,200. ಈಗ 33,800.

ಕಳೆದದ್ದರಲ್ಲಿ ಸ್ವಲ್ಪ ಮೈದಾನದಿಂದ ವಾಪಸ್ ಬರುತ್ತದೆ. 105 ಮೀಟರ್ ಉದ್ದ, 68 ಮೀಟರ್ ಅಗಲ ಎಂದರೆ 7,140 ಚದರ ಮೀಟರ್. ಸ್ಟೇಜ್, ಅದರಿಂದ ಮುಂದಕ್ಕೆ ಚಾಚಿದ ರ‍್ಯಾಂಪ್, ಬ್ಯಾರಿಕೇಡ್ ಮುಂದಿನ ಸೆಕ್ಯುರಿಟಿ ದಾರಿ, ಮಿಕ್ಸರ್, ಆಂಬುಲೆನ್ಸ್ ಓಡಾಡುವ ಓಣಿ ಎಲ್ಲ ಕಳೆದು ಜನ ನಿಲ್ಲಲು ಸುಮಾರು 5,000 ಚದರ ಮೀಟರ್ ಸಿಗುತ್ತದೆ. ಒಬ್ಬರಿಗೆ ಅರ್ಧ ಚದರ ಮೀಟರ್ ಕೊಟ್ಟರೆ 10,000 ಜನ, 0.3 ಕೊಟ್ಟರೆ 16,600. ಇಲ್ಲಿ ಆಸೆಬುರುಕ ಪ್ರಮೋಟರ್ ಎರಡನೆಯ ಸಂಖ್ಯೆಗೆ ಬೆರಳಿಡುತ್ತಾನೆ. ನಾನು ಗೇಟಿನ ಅಗಲ ಅಳೆಯುತ್ತೇನೆ.

ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗದರ್ಶಿಯನ್ನು ಈ ವೃತ್ತಿಯಲ್ಲಿ ಗ್ರೀನ್ ಗೈಡ್ ಎಂದೇ ಕರೆಯುತ್ತಾರೆ. ಅದರ ಪ್ರಕಾರ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ, ಮೆಟ್ಟಿಲಾದರೆ 66 ಜನ ದಾಟಬಲ್ಲರು. ಅಪಾಯ ಬಂದಾಗ ಹೊರಹೋಗಲು ಗರಿಷ್ಠ 8 ನಿಮಿಷ. ಮೈದಾನದಿಂದ ಹೊರಬೀಳುವ ದಾರಿಗಳಲ್ಲಿ ಅತಿ ಅಗಲದ್ದು ಮುಚ್ಚಿಹೋಗಿದೆ ಎಂದೇ ಭಾವಿಸಿ ನಾನು ಉಳಿದವನ್ನು ಕೂಡುತ್ತೇನೆ. ಹಾಗೆ 18 ಮೀಟರ್ ಉಳಿದರೆ 18 × 82 × 8, ಅಂದರೆ ಸುಮಾರು 11,800. ಜಾಗವಿದ್ದರೂ ಅದಕ್ಕಿಂತ ಒಬ್ಬರನ್ನೂ ಹೆಚ್ಚಿಗೆ ಬಿಡುವಂತಿಲ್ಲ. ನಿಂತುಕೊಳ್ಳುವ ಜಾಗ, ಒಳಬರುವ ದಾರಿ, ಹೊರಹೋಗುವ ದಾರಿ, ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ಆ ಮೈದಾನದ ಅಳತೆ. ಒಬ್ಬರಿಗೆ 0.3 ಚದರ ಮೀಟರ್ ಹಿಡಿದರೆ ಇಲ್ಲಿ ಕಡಿಮೆಯದು 11,800; ಅದನ್ನು 33,800ಕ್ಕೆ ಸೇರಿಸಿದರೆ ನಮ್ಮ ಉದಾಹರಣೆಯ ಒಟ್ಟು ಮೊತ್ತ 45,600 ಆಯಿತು. ಬ್ಯಾಂಡ್, ಪ್ರಾಯೋಜಕರು, ಗಾಲಿಕುರ್ಚಿಯ ಜಾಗ, ಸ್ಟೇಜ್ ಬದಲಾದರೆ ಬೇಕಾಗುವ ಸೀಟು, ಹೀಗೆ 2,600 ಹೋಲ್ಡ್ ಇಟ್ಟು, ಅಂದರೆ ಮಾರದೆ ತೆಗೆದಿಟ್ಟು, ಮಾರಾಟಕ್ಕೆ ಬಿಡುವುದು 43,000.

ನಮ್ಮ ದೇಶದಲ್ಲಿ ಇದೇ ಲೆಕ್ಕವನ್ನು ಕ್ರಿಕೆಟ್ ಸ್ಟೇಡಿಯಂಗೆ ತಿರುಗಿಸಬೇಕು, ತಪ್ಪು ಹೆಚ್ಚಾಗಿ ಆಗುವುದೂ ಅಲ್ಲೇ. ಸುತ್ತ 70 ಮೀಟರ್ ಬೌಂಡರಿ ಇರುವ ಮೈದಾನ 15,000 ಚದರ ಮೀಟರ್ ದಾಟುತ್ತದೆ, ಫುಟ್‌ಬಾಲ್ ಅಂಗಳದ ಎರಡು ಪಟ್ಟು. ನೋಡಿದವರಿಗೆ ಮೈದಾನದಲ್ಲೇ 30,000 ಜನ ಹಿಡಿಸಬಹುದು ಎನ್ನಿಸುತ್ತದೆ. ಆದರೆ ಕ್ರಿಕೆಟ್ ಮೈದಾನಕ್ಕೆ ಇಳಿಯುವವರು ಆಟಗಾರರು, ಅಂಪೈರ್‌ಗಳು ಮತ್ತು ರೋಲರ್. ದಾರಿಗಳೂ ಅಷ್ಟಕ್ಕೇ ಇರುತ್ತವೆ. ಬೇಲಿ ಬಿಚ್ಚಿ, ಸ್ಟ್ಯಾಂಡಿನ ಕೆಳಸಾಲಿನ ಮೇಲೆ ತಾತ್ಕಾಲಿಕ ಮೆಟ್ಟಿಲು ಕಟ್ಟಿ ದಾರಿ ಮಾಡಬೇಕು. ಆ ಮೆಟ್ಟಿಲಿಗೆ 82 ಹಿಡಿಯುವಂತಿಲ್ಲ, 66 ಹಿಡಿಯಬೇಕು. ಜೊತೆಗೆ ಅದರ ಕೆಳಗಿನ ಸೀಟುಗಳನ್ನೂ ಕಿಲ್ ಮಾಡಬೇಕು. ನಡುವಿನ ಪಿಚ್ ಇರುವ ಚೌಕ ಜೇಡಿಮಣ್ಣಿನದು. ಅದರ ಮೇಲೆ ಕ್ರೇನ್ ಆಗಲಿ ಸ್ಟೇಜಿನ ಕಾಲಾಗಲಿ ಬರಕೂಡದು ಎಂದು ಕ್ರಿಕೆಟ್ ಸಂಸ್ಥೆ ಮೊದಲೇ ಹೇಳುತ್ತದೆ, ಅದು ನ್ಯಾಯವೂ ಹೌದು. ಸ್ಟೇಜನ್ನು ಎಲ್ಲಿ ಇಡಬಹುದು ಎಂಬುದನ್ನು ಹಲವು ಸಲ ಆ ಚೌಕವೇ ತೀರ್ಮಾನಿಸುತ್ತದೆ.

ಕಿಲ್ ಸೀಟಿನ ಕಾಟಕ್ಕೆ ಒಂದು ದೊಡ್ಡ ಉತ್ತರ ಕೊಟ್ಟವರು ಐರ್ಲೆಂಡಿನ ರಾಕ್ ಬ್ಯಾಂಡ್ ಯೂ2. 2009ರಿಂದ 2011ರವರೆಗಿನ 360 ಡಿಗ್ರಿ ಪ್ರವಾಸದಲ್ಲಿ ಸುಮಾರು 50 ಮೀಟರ್ ಎತ್ತರದ ನಾಲ್ಕು ಕಾಲಿನ ಉಕ್ಕಿನ ಚೌಕಟ್ಟನ್ನು ಮೈದಾನದಲ್ಲಿ ನಿಲ್ಲಿಸಿ ಸುತ್ತಲೂ ಸೀಟು ಮಾರಿದರು. 110 ಪ್ರದರ್ಶನ, 70 ಲಕ್ಷಕ್ಕೂ ಹೆಚ್ಚು ಟಿಕೆಟ್. ಆದರೆ ಅಂಥ ಚೌಕಟ್ಟು ಕಟ್ಟಲು, ಬಿಚ್ಚಲು ದಿನಗಟ್ಟಲೆ ಬೇಕು. ಹಾಗಾಗಿ ಮೂರು ಚೌಕಟ್ಟುಗಳು ಏಕಕಾಲಕ್ಕೆ ಓಡಾಡುತ್ತಿದ್ದವು: ಒಂದರಲ್ಲಿ ಹಾಡು, ಇನ್ನೊಂದು ಮುಂದಿನ ಊರಿನಲ್ಲಿ ಏಳುತ್ತಿರುತ್ತದೆ, ಮೂರನೆಯದು ಹಿಂದಿನ ಊರಿನಲ್ಲಿ ಇಳಿಯುತ್ತಿರುತ್ತದೆ. ಹಾಡಿದರೂ ಹಾಡದಿದ್ದರೂ ದಿನದ ಖರ್ಚು ಏಳೂವರೆ ಲಕ್ಷ ಡಾಲರ್ ಎಂದು ಆಗ ವರದಿಯಾಗಿತ್ತು. ಸ್ಟೇಜಿನ ಹಿಂದಿನ ಸೀಟಿನಿಂದ ಬರುವ ಹಣ ಈ ಹೆಚ್ಚುವರಿ ಖರ್ಚನ್ನು ತೀರಿಸುವಷ್ಟು ಇದ್ದರೆ ಮಾತ್ರ ಆ ದಾರಿ. ಪ್ರತಿ ಊರಿನಲ್ಲೂ 60,000 ಮೇಲೆ ಮಾರುವ ಭರವಸೆ ಇಲ್ಲದ ಬ್ಯಾಂಡಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಇನ್ನು ದುಡ್ಡಿನ ಮಾತು. ತೆರಿಗೆ ಕಳೆದು ಟಿಕೆಟ್ಟಿಗೆ ಸರಾಸರಿ 5,000 ರೂಪಾಯಿ ಕೈಗೆ ಬರುತ್ತದೆ ಎಂದುಕೊಳ್ಳಿ. 43,000 ಟಿಕೆಟ್ ಎಂದರೆ 21.5 ಕೋಟಿ. ಬಾಡಿಗೆ, ಸ್ಟೇಜ್, ಜನರೇಟರ್, ಹುಲ್ಲಿನ ಮೇಲಿನ ಹೊದಿಕೆ, ಸೆಕ್ಯುರಿಟಿ, ಪೊಲೀಸ್ ಬಂದೋಬಸ್ತ್, ವಿಮೆ, ಜಾಹೀರಾತು ಸೇರಿ 8 ಕೋಟಿ. ಟಿಕೆಟ್ ಎಷ್ಟೇ ಹೋದರೂ ಬ್ಯಾಂಡಿಗೆ ಕೊಡಲೇಬೇಕಾದ ಗ್ಯಾರಂಟಿ 10 ಕೋಟಿ. 18 ಕೋಟಿ ಹುಟ್ಟಲು 36,000 ಟಿಕೆಟ್ ಹೋಗಬೇಕು, ನೂರಕ್ಕೆ 84. ಅದರಾಚೆಯ ಲಾಭದಲ್ಲಿ ನೂರಕ್ಕೆ 85ರಿಂದ 90 ಬ್ಯಾಂಡಿನ ಪಾಲು ಎಂದು ದೊಡ್ಡ ಬ್ಯಾಂಡುಗಳ ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಅಂದರೆ 36,000ದವರೆಗಿನ ಅಪಾಯವೆಲ್ಲ ಪ್ರಮೋಟರನದು, ಮೇಲಿನ ಲಾಭದಲ್ಲಿ ಅವನಿಗೆ ಚೂರು ಪಾಲು. ಹೊರಗಿನಿಂದ ನೋಡುವವರಿಗೆ 34,000 ಜನ ಸೇರಿದ ರಾತ್ರಿ ಭರ್ಜರಿ ಗೆಲುವು. ಪುಸ್ತಕದಲ್ಲಿ ಅದು ಒಂದು ಕೋಟಿ ನಷ್ಟ.

ಇಷ್ಟು ಆದ ಮೇಲೆ ಬ್ಯಾಂಡಿನತ್ತ ತಿರುಗುತ್ತೇನೆ. ಸಂಗೀತದ ಆ್ಯಪ್‌ನಲ್ಲಿ ಅವರ ಹಾಡನ್ನು ತಿಂಗಳಿಗೆ ಎಷ್ಟು ಜನ ಕೇಳುತ್ತಾರೆ ಎಂಬ ಸಂಖ್ಯೆಯನ್ನು ನಾನು ಕೊನೆಗೆ ನೋಡುತ್ತೇನೆ. ಒಂದು ಹಾಡು ತಾನಾಗಿ ಕಿವಿಗೆ ಬೀಳುವುದಕ್ಕೂ, ದುಡ್ಡು ಕೊಟ್ಟು, ರಜೆ ಹಾಕಿ, ಮೂರು ಗಂಟೆ ಟ್ರಾಫಿಕ್‌ನಲ್ಲಿ ಕೂತು ಬರುವುದಕ್ಕೂ ಬಹಳ ದೂರ. ದಿ ಬ್ಲ್ಯಾಕ್ ಕೀಸ್ ಗ್ರ್ಯಾಮಿ ಗೆದ್ದ ಬ್ಯಾಂಡ್, ಅವರ ಹಾಡು ಎಲ್ಲೆಲ್ಲೂ ಕೇಳಿಬರುತ್ತದೆ. 2024ರಲ್ಲಿ ಉತ್ತರ ಅಮೆರಿಕದ ಒಳಾಂಗಣ ಅರೀನಾಗಳಿಗೆ ಪ್ರವಾಸ ಘೋಷಿಸಿ, ಮೇ ತಿಂಗಳಲ್ಲಿ ಅದನ್ನೇ ರದ್ದು ಮಾಡಿದರು. ಅರೀನಾ ಎಂದರೆ ಸ್ಟೇಡಿಯಂನ ಕಾಲು ಭಾಗ.

ಬ್ಯಾಂಡಿನ ಹೆಸರು ಒಂದೇ ಆದರೂ ಊರಿನಿಂದ ಊರಿಗೆ ಉತ್ತರ ಬದಲಾಗುತ್ತದೆ. 1997ರ ಪಾಪ್‌ಮಾರ್ಟ್ ಪ್ರವಾಸದಲ್ಲಿ ಇದೇ ಯೂ2 ಇಟಲಿಯ ರೆಜ್ಜೋ ಎಮಿಲಿಯಾದಲ್ಲಿ ಸುಮಾರು ಒಂದೂವರೆ ಲಕ್ಷ ಜನರ ಮುಂದೆ ಹಾಡಿತು. ಅಮೆರಿಕದ ಹಲವು ಊರುಗಳಲ್ಲಿ ಅದೇ ಪ್ರವಾಸಕ್ಕೆ ಸಾಲುಸಾಲು ಸೀಟು ಖಾಲಿ. ಅದೇ ಊರಿನಲ್ಲೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಬೀಟಲ್ಸ್ 1965ರ ಆಗಸ್ಟ್ 15ರಂದು ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ 55,600 ಜನರನ್ನು ಸೇರಿಸಿದರು. ಮರುವರ್ಷ ಆಗಸ್ಟ್ 23ಕ್ಕೆ ಮತ್ತೆ ಅಲ್ಲಿಗೇ ಬಂದಾಗ ಸುಮಾರು 11,000 ಸೀಟು ಮಾರಾಟವಾಗದೆ ಉಳಿದವು. ಬೀಟಲ್ಸ್‌ಗೇ ಹೀಗಾಗಿದೆ ಎಂಬುದನ್ನು ನಾನು ಪ್ರತಿ ಲೆಕ್ಕದ ಮುಂದೆ ಇಟ್ಟುಕೊಳ್ಳುತ್ತೇನೆ.

ಹಾಗಾದರೆ ಯಾವುದನ್ನು ನಂಬಬೇಕು? ಮೊದಲನೆಯದು ಆ ಊರಿನಲ್ಲಿ, ಅಥವಾ ಅದಕ್ಕೆ ಹತ್ತಿರದ ಊರಿನಲ್ಲಿ ಬ್ಯಾಂಡ್ ಹಿಂದೆ ಮಾರಿದ ಟಿಕೆಟ್. ಸಂಗೀತೋದ್ಯಮದ ಪತ್ರಿಕೆಗಳಾದ ಪೋಲ್‌ಸ್ಟಾರ್, ಬಿಲ್‌ಬೋರ್ಡ್ ಪ್ರಕಟಿಸುವ ಬಾಕ್ಸ್ ಆಫೀಸ್ ಪಟ್ಟಿಗಳಲ್ಲಿ ಊರು, ದಿನ, ಮಾರಾಟವಾದ ಟಿಕೆಟ್, ಮಾರಾಟಕ್ಕಿಟ್ಟ ಟಿಕೆಟ್, ಗಳಿಕೆ ಎಲ್ಲ ಇರುತ್ತವೆ. ಎರಡನೆಯದು ಮುಂಗಡ ನೋಂದಣಿ. 2 ಲಕ್ಷ ಹೆಸರು ಬಂದಿವೆ ಎಂದು ಹಿಗ್ಗುವ ಮುನ್ನ ಒಂದೇ ಫೋನ್ ನಂಬರ್, ಒಂದೇ ವಿಳಾಸ, ಒಂದೇ ಸಾಧನದಿಂದ ಬಂದವನ್ನು ತೆಗೆದುಹಾಕಬೇಕು. 1,40,000 ಉಳಿಯಿತು ಎನ್ನಿ. ಎಂಟರಲ್ಲಿ ಒಬ್ಬರು ಕೊಳ್ಳುತ್ತಾರೆ, ಒಂದು ಆರ್ಡರಿಗೆ ಸರಾಸರಿ 2.6 ಟಿಕೆಟ್ ಎಂದು ನಾನು ಹಿಡಿಯುತ್ತೇನೆ: 17,500 ಆರ್ಡರ್, 45,500 ಟಿಕೆಟ್. ನಮ್ಮ 43,000 ದಾಟಿತು, ಆದರೆ ಕೂದಲೆಳೆಯಲ್ಲಿ. ಹತ್ತರಲ್ಲಿ ಒಬ್ಬರೇ ಕೊಂಡರೆ 36,400ಕ್ಕೆ ಇಳಿದು ಅಸಲಿನ ಅಂಚಿಗೆ ಬರುತ್ತದೆ. ಈ ಎರಡೂ ಅಂಕಿಗಳನ್ನು ಪ್ರಮೋಟರಿಗೆ ಕೊಡುತ್ತೇನೆ. ದೊಡ್ಡದನ್ನು ಮಾತ್ರ ಕೊಡುವುದು ಮೋಸ.

ನೋಂದಣಿಯಲ್ಲಿ ಪಿನ್‌ಕೋಡ್ ಕೇಳುವುದನ್ನು ಮಾತ್ರ ಬಿಡಬಾರದು. ವಿದೇಶಿ ಬ್ಯಾಂಡ್ ಅಪರೂಪಕ್ಕೆ ಬರುವ ನಮ್ಮಲ್ಲಿ ಬೆಂಗಳೂರಿನ ಅಭಿಮಾನಿ ಮುಂಬೈಗೂ ಹೆಸರು ಹಾಕಿರುತ್ತಾನೆ, ಅಹಮದಾಬಾದಿಗೂ ಹಾಕಿರುತ್ತಾನೆ. ಎರಡೂ ಊರಿನ ಪಟ್ಟಿಯಲ್ಲಿ ಅವನನ್ನು ಎಣಿಸಿದರೆ ಇಲ್ಲದ ಜನ ಹುಟ್ಟಿಕೊಳ್ಳುತ್ತಾರೆ. ಹೊರಊರಿನವರು ನೂರಕ್ಕೆ 40 ಇದ್ದಾರೆಂದರೆ, ಅವರ ಊರಿಗೇ ಇನ್ನೊಂದು ಪ್ರದರ್ಶನ ಘೋಷಿಸಿದ ದಿನ ಇಲ್ಲಿನ ಮಾರಾಟ ಕುಸಿಯುತ್ತದೆ. ಇಷ್ಟು ದಿನ, ಇಷ್ಟು ಕಿಲೋಮೀಟರ್ ಒಳಗೆ ಇನ್ನೊಂದು ಕಾರ್ಯಕ್ರಮ ಕೊಡಕೂಡದು ಎಂಬ ಷರತ್ತನ್ನು ಕರಾರಿನಲ್ಲಿ ಬರೆಸುವುದು ಇದಕ್ಕೇ.

ಅದೇ ಸ್ಟೇಡಿಯಂನಲ್ಲಿ ಎರಡನೆಯ ರಾತ್ರಿ ಸೇರಿಸಬೇಕೇ ಎಂಬ ತೀರ್ಮಾನ ಆಗುವುದು ಮಾರಾಟದ ಬೆಳಗ್ಗೆ. ಸ್ಟೇಡಿಯಂ ಆ ದಿನಕ್ಕೂ ನಮ್ಮ ಹೆಸರಿನಲ್ಲಿ ಗುಟ್ಟಾಗಿ ಕಾದಿರಿಸಿರಬೇಕು, ಪೊಲೀಸರಿಗೆ ಗೊತ್ತಿರಬೇಕು, ಟಿಕೆಟ್ ನಕ್ಷೆ ಸಿದ್ಧವಿರಬೇಕು. ಸರದಿಯಲ್ಲಿ ಜನ ನಿಂತಿರುವಾಗಲೇ ಆ ದಿನದ ಮಾರಾಟ ತೆರೆಯಬೇಕು, ಏಕೆಂದರೆ ನಿರಾಸೆಯಿಂದ ಹೋದವರು ನಾಳೆ ಅದೇ ಹುಮ್ಮಸ್ಸಿನಲ್ಲಿ ಮರಳುವುದಿಲ್ಲ. 2024ರ ಸೆಪ್ಟೆಂಬರ್ 22ರಂದು ಕೋಲ್ಡ್‌ಪ್ಲೇ ಟಿಕೆಟ್ ಬಿಟ್ಟಾಗ ನವಿ ಮುಂಬೈನಲ್ಲಿ ಜನವರಿ 18, 19ರ ಜೊತೆಗೆ 21ನ್ನು ಅಂದೇ ಸೇರಿಸಿದರು. ಅಹಮದಾಬಾದ್ ಆಮೇಲೆ ಬಂತು: ಮೊದಲು 25, ಅದರ ಬೆನ್ನಿಗೆ 26. ಅಷ್ಟು ದೊಡ್ಡ ಸ್ಟೇಡಿಯಂ ತುಂಬಲು ಆ ಊರಿನ ಜನ ಮಾತ್ರ ಸಾಲುತ್ತಿರಲಿಲ್ಲ. ಮುಂಬೈಯಿಂದ ವಿಶೇಷ ರೈಲುಗಳೇ ಓಡಿದವು. ಸರದಿಯ ಉದ್ದ ನೋಡಿ ಮಾತ್ರ ಎರಡನೆಯ ದಿನ ಸೇರಿಸುವುದು ಅಪಾಯ; ಬ್ಲ್ಯಾಕ್‌ನಲ್ಲಿ ಮಾರಲು ಬಂದವರೂ ಅದೇ ಸರದಿಯಲ್ಲಿರುತ್ತಾರೆ. ಮೊದಲ ದಿನದ ಎಲ್ಲ ದರದ ಟಿಕೆಟ್ಟೂ ನೂರಕ್ಕೆ 80 ಹೋಗಿರಬೇಕು ಎಂಬುದು ನನ್ನ ಕಟ್ಟಳೆ.

"ಎಲ್ಲ ದರದ" ಎಂದದ್ದಕ್ಕೆ ಕಾರಣವಿದೆ. ಸ್ಟೇಜಿನ ಮುಂದಿನ ಪಿಟ್ ಮೊದಲು ಖಾಲಿಯಾಗುತ್ತದೆ, ಅತಿ ಅಗ್ಗದ ಮೇಲ್ಸಾಲು ಅದರ ಜೊತೆಗೇ. ಕೊನೆಯವರೆಗೂ ಮಾರಾಟವಾಗದೆ ಉಳಿಯುವುದು ಬದಿಯ ಸ್ಟ್ಯಾಂಡಿನ ಮಧ್ಯಮ ದರದ ಸೀಟು: ಅಗ್ಗವೇನಲ್ಲ, ಆದರೂ ಸ್ಟೇಜ್ ಓರೆಯಾಗಿ ಕಾಣುತ್ತದೆ. ಅದಕ್ಕೇ ದರ ನಿಗದಿ ಮಾಡುವ ಮುನ್ನ ಪ್ರತಿ ಬ್ಲಾಕಿನ ಕೊನೆಯ ಸೀಟಿನಲ್ಲಿ ಕೂತು ಪರದೆ ಎಷ್ಟು ಕಾಣುತ್ತದೆ ಎಂದು ನೋಡಬೇಕು. ದನಿಯನ್ನೂ ಕೇಳಿಸಿಕೊಳ್ಳಬೇಕು. 100 ಮೀಟರ್ ದೂರಕ್ಕೆ ಸದ್ದು ತಲುಪಲು ಸುಮಾರು 0.29 ಸೆಕೆಂಡ್. ನಡುವಿನ ಡಿಲೇ ಕಂಬಗಳನ್ನು ಅಷ್ಟಕ್ಕೆ ಹೊಂದಿಸದಿದ್ದರೆ ಹಿಂದಿನ ಸೀಟಿನವರಿಗೆ ಪ್ರತಿ ಡ್ರಮ್ ಏಟೂ ಎರಡು ಸಲ ಕೇಳುತ್ತದೆ. ಮೊದಲ ಊರಿನ ರಾತ್ರಿ ಹಾಗಾದರೆ ಮರುದಿನವೇ ಸುದ್ದಿ ಹರಡಿ, ಮುಂದಿನ ಊರಿನ ಮೇಲ್ಸಾಲು ಮಾರಾಟ ನಿಲ್ಲುತ್ತದೆ.

ಮಾರಾಟದ ಗತಿ ಬಟ್ಟಲಿನ ಆಕಾರದ್ದು. ಮೊದಲ ವಾರ ಎತ್ತರ, ನಡುವೆ ತಿಂಗಳುಗಟ್ಟಲೆ ಸಪ್ಪೆ, ಕೊನೆಯ ಎರಡು ವಾರ ಮತ್ತೆ ಏರಿಕೆ. ಮೊದಲ ವಾರ ಅರ್ಧ ದಾಟದಿದ್ದರೆ ಜಾಹೀರಾತಿನ ಖರ್ಚು ಹೆಚ್ಚಿಸುವ ಬದಲು ನಕ್ಷೆ ಚಿಕ್ಕದು ಮಾಡುತ್ತೇನೆ. ಇದಕ್ಕಾಗಿಯೇ ಶುರುವಿನಲ್ಲಿ ಮೂರು ನಕ್ಷೆ ಸಿದ್ಧವಿರುತ್ತವೆ: ಸ್ಟೇಜ್ ತುದಿಯಲ್ಲಿ 43,000, ಇಪ್ಪತ್ತೈದು ಮೀಟರ್ ಮುಂದೆ ತಂದರೆ 34,000, ಮೈದಾನದ ಮಧ್ಯಕ್ಕೆ ತಂದರೆ 24,000. ಮಾರಾಟ ಆರಂಭಿಸುವುದು ಚಿಕ್ಕ ನಕ್ಷೆಯಿಂದ. ಬ್ಲಾಕ್ ತುಂಬಿದಂತೆ ಅದಕ್ಕೆ ಅಂಟಿಕೊಂಡ ಬ್ಲಾಕ್ ತೆರೆಯುವುದು. ಎಲ್ಲವನ್ನೂ ಒಂದೇ ಸಲ ತೆರೆದರೆ ಜನ ಅಲ್ಲೊಬ್ಬರು ಇಲ್ಲೊಬ್ಬರು ಹರಡಿಬಿಡುತ್ತಾರೆ, ಆಮೇಲೆ ಮೇಲಿನ ಸ್ಟ್ಯಾಂಡಿಗೆ ಕಪ್ಪು ಪರದೆ ಎಳೆಯಲೂ ಆಗುವುದಿಲ್ಲ. ಅರ್ಧ ಬೆಲೆಗೆ ಕೊಡುವುದು, ಉಚಿತ ಪಾಸ್ ಹಂಚುವುದು ನನಗೆ ಒಪ್ಪಿಗೆಯಿಲ್ಲ. ಮೊದಲ ದಿನ ಪೂರ್ತಿ ಹಣ ಕೊಟ್ಟವರು ಬ್ಯಾಂಡಿನ ನಿಜವಾದ ಅಭಿಮಾನಿಗಳು, ಅವರಿಗೇ ಅನ್ಯಾಯ ಮಾಡಿದಂತಾಗುತ್ತದೆ. ಪಾಸಿನ ಗೊಂದಲ ಪ್ರಾಣಕ್ಕೂ ಎರವಾಗಬಹುದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಯಾರಿಗೆ ಪ್ರವೇಶವಿದೆ, ಯಾವ ಗೇಟಿನಲ್ಲಿ ಎಂಬುದು ಮನೆ ಬಿಡುವ ಮುನ್ನವೇ ಪ್ರತಿಯೊಬ್ಬರಿಗೂ ಸ್ಪಷ್ಟವಾಗಿ ಗೊತ್ತಿರಬೇಕು.

ಗೇಟಿನ ಲೆಕ್ಕಕ್ಕೂ ಗ್ರೀನ್ ಗೈಡ್‌ನಲ್ಲಿ ಅಂಕಿಯಿದೆ: ಒಬ್ಬೊಬ್ಬರನ್ನೇ ಒಳಬಿಡುವ ತಿರುಗುವ ಗೇಟು, ಅಂದರೆ ಒಂದು ಟರ್ನ್‌ಸ್ಟೈಲಿಗೆ ಗಂಟೆಗೆ ಗರಿಷ್ಠ 660 ಜನ. ಚೀಲ ತೆರೆದು ನೋಡಿ, ಮೈ ತಡವಿ ಬಿಡುವ ನಮ್ಮ ಸಾಲುಗಳಿಗೆ ನಾನು 350 ಮಾತ್ರ ಹಿಡಿಯುತ್ತೇನೆ. 43,000 ಜನರಲ್ಲಿ ನೂರಕ್ಕೆ 60ರಷ್ಟು ಕೊನೆಯ ಒಂದೂವರೆ ಗಂಟೆಯಲ್ಲಿ ಬರುತ್ತಾರೆ ಎಂದರೆ ಗಂಟೆಗೆ 17,200. ಅದಕ್ಕೆ 50 ಸಾಲು ಬೇಕು. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬ ನಿಯಮ ಇರುವುದರಿಂದ ಗೇಟು ತಡವಾದರೆ ಬ್ಯಾಂಡ್ ಕಾಯುವಂತಿಲ್ಲ; ಟಿಕೆಟ್ ಕೊಂಡವರು ಹೊರಗಿರುವಾಗಲೇ ಮೊದಲ ಹಾಡು ಮುಗಿಯುತ್ತದೆ.

ಬೆಂಗಳೂರಿಗೆ ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಬಂದಾಗ ಹಾಡಿದ್ದು ಅರಮನೆ ಮೈದಾನದಲ್ಲಿ. ಬಯಲಿಗೆ ಒಂದು ಅನುಕೂಲವಿದೆ, ಜನ ಕಡಿಮೆ ಎನ್ನಿಸಿದರೆ ಹಿಂದಿನ ಬೇಲಿಯನ್ನು ಮುಂದಕ್ಕೆ ಸರಿಸಬಹುದು. ಹಾಗಾಗಿ ಬಯಲು ತುಂಬಿಸಿದ ಬ್ಯಾಂಡ್ ಸ್ಟೇಡಿಯಂ ತುಂಬಿಸುತ್ತದೆ ಎಂದು ಹೇಳಲು ನಾನು ಹಿಂಜರಿಯುತ್ತೇನೆ. ಆ ರಾತ್ರಿ ನಿಜಕ್ಕೂ ಮಾರಾಟವಾದ ಟಿಕೆಟ್ಟಿನ ಪಟ್ಟಿ ಕೇಳಿ ಪಡೆಯುತ್ತೇನೆ.

ಕೊನೆಯ ಕೆಲಸ ಪ್ರದರ್ಶನದ ಹಿಂದಿನ ದಿನದ್ದು. ಸ್ಟೇಜ್ ಪೂರ್ತಿ ಎದ್ದು, ಸ್ಪೀಕರ್ ನೇತಾಡಿ, ಮಿಕ್ಸರ್ ಗೋಪುರದ ಜಾಗ ಖಚಿತವಾದ ಮೇಲೆ ಬ್ಯಾಂಡಿನ ಪ್ರೊಡಕ್ಷನ್ ಮ್ಯಾನೇಜರ್ ಜೊತೆ ನಕ್ಷೆ ಹಿಡಿದು ಸ್ಟ್ಯಾಂಡುಗಳಲ್ಲಿ ನಡೆಯುತ್ತೇನೆ. ಮರೆಯಾಗಬಹುದು ಎಂದು ಹೋಲ್ಡ್ ಇಟ್ಟಿದ್ದ ಸೀಟುಗಳಲ್ಲಿ ಐದಾರುನೂರು ಚೆನ್ನಾಗಿಯೇ ಕಾಣುತ್ತಿರುತ್ತವೆ, ಕೆಲವಂತೂ ಸ್ಟೇಡಿಯಂನಲ್ಲೇ ಒಳ್ಳೆಯವು. ಅವನ್ನು ಅಂದು ಸಂಜೆ ಟಿಕೆಟ್ ಮಾರಿದ ಅದೇ ಆ್ಯಪ್‌ನಲ್ಲಿ, ಮೊದಲ ದಿನದ ದರಕ್ಕೇ, ಒಬ್ಬರಿಗೆ ಎರಡರಂತೆ ಬಿಡುತ್ತೇನೆ.