ನಿಮ್ಮೂರಿನ ಹಲಸಿನ ಮೇಳ ಟೀವಿಯಲ್ಲಿ ಬರಬೇಕಾ? ಹೀಗೆ ಮಾಡಿ

ಹಲಸಿನ ಮೇಳ ನಡೆಸುವವರು, ಮನೆಯಲ್ಲೇ ಚಿಪ್ಸು, ಹಪ್ಪಳ ಮಾಡಿ ಮಾರುವ ಸ್ತ್ರೀಶಕ್ತಿ ಸಂಘದವರು ಜಾಸ್ತಿ ಕೇಳುವುದು ಇದನ್ನೇ: ಟೀವಿಯವರು ನಮ್ಮ ಕಡೆ ಯಾಕೆ ಬರಲ್ಲ? ಬರುತ್ತಾರೆ, ಕರೆಯುವ ಹಾಗೆ ಕರೆದರೆ.

ಬೆಂಗಳೂರಿನ ಆಫೀಸಿಗೆ ಮೇಲ್ ಹಾಕಿ ಸುಮ್ನೆ ಕಾಯಬೇಡಿ. ಮೊದಲು ಚಾನೆಲ್ಲಿನ ಜಿಲ್ಲಾ ವರದಿಗಾರರನ್ನು ಹಿಡಿಯಿರಿ. ಜಿಲ್ಲಾ ಪತ್ರಕರ್ತರ ಸಂಘದಲ್ಲಿ ವಿಚಾರಿಸಿದರೆ ಯಾರು ಯಾವ ಚಾನೆಲ್ಲು ಅಂತ ಗೊತ್ತಾಗುತ್ತದೆ. ಅವರು ಡೆಸ್ಕಿನವರನ್ನು, ಅಂದರೆ ಯಾವ ಸುದ್ದಿ ಹಾಕಬೇಕು ಅಂತ ಆಫೀಸಿನಲ್ಲಿ ಕೂತು ತೀರ್ಮಾನಿಸುವವರನ್ನು, ಸ್ಟೋರಿಗೆ ಒಪ್ಪಿಸಬೇಕು, ಆಮೇಲೇ ಕ್ಯಾಮೆರಾ ಹೊರಡುವುದು. ಹಾಗಾಗಿ ಒಪ್ಪಿಸುವುದಕ್ಕೆ ಬೇಕಾದ ಸರಕು ನೀವೇ ಅವರ ಕೈಗೆ ಕೊಡಬೇಕು.

ಇಲ್ಲೇ ಎಲ್ಲ ಕೆಡುವುದು. 'ಮಾನ್ಯರೇ, ಗಣ್ಯರ ಸಮ್ಮುಖದಲ್ಲಿ ಮೇಳ ಉದ್ಘಾಟನೆಗೊಳ್ಳಲಿದ್ದು' ಅಂತ ಎರಡು ಪುಟ ಬರೆದು, ಜೊತೆಗೆ ಆಹ್ವಾನ ಪತ್ರಿಕೆಯ ಫೋಟೊ ಕಳಿಸಿದರೆ ಯಾರೂ ಓದುವುದಿಲ್ಲ. ಟೀವಿಗೆ ಬೇಕಿರುವುದು ಕಣ್ಣಿಗೆ ಕಾಣುವ ವಿಷಯ. ತುಮಕೂರು ಜಿಲ್ಲೆ ಚೇಳೂರಿನ 'ಸಿದ್ದು' ಹಲಸನ್ನೇ ನೋಡಿ. ಹಣ್ಣು ಬಿಡಿಸಿದ ತಕ್ಷಣ ಕೆಂಪು ತೊಳೆ ಕಾಣುತ್ತದೆ, ಮರ ಬೆಳೆಸಿದ ತಂದೆಯ ಹೆಸರೇ ತಳಿಗೂ ಇದೆ, ಮಗ ಎದುರಿಗೇ ನಿಂತು ಮಾತಾಡುತ್ತಾರೆ. ಬಣ್ಣ, ಮನುಷ್ಯ, ಕಥೆ ಮೂರೂ ಸಿಕ್ಕಿತಲ್ವಾ? ನಿಮ್ಮಲ್ಲೂ ಅಂಥದ್ದು ಇದ್ದೇ ಇರುತ್ತದೆ, ಹುಡುಕಿ. ಸಿಕ್ಕಿದ್ದನ್ನು ವಾಟ್ಸಾಪಿನಲ್ಲಿ ನಾಲ್ಕೇ ಸಾಲಿನಲ್ಲಿ ಬರೆಯಿರಿ: 'ಶನಿವಾರ ಬೆಳಗ್ಗೆ 10ಕ್ಕೆ ಹೆಂಗಸರಿಗೆ ಹಲಸು ಬಿಡಿಸುವ ಸ್ಪರ್ಧೆ. ಹಳೇ ಮರಗಳ ಹಣ್ಣು ಒಂದೇ ಕಡೆ ನೋಡಬಹುದು. ಮಾತಾಡೋಕೆ ಮೂವರು ರೈತರು ಇರ್ತಾರೆ.' ಜಾಗದ ಲೊಕೇಶನ್ ಹಾಕಿ, ಮೊಬೈಲ್ ಅಡ್ಡ ಹಿಡಿದು ತೆಗೆದ ಅರ್ಧ ನಿಮಿಷದ ವಿಡಿಯೊ ಸೇರಿಸಿ. ವರದಿಗಾರರು ಬರಲಾಗದಿದ್ದರೂ ಎಷ್ಟೋ ಸಲ ಆ ವಿಡಿಯೊದಲ್ಲೇ ಸುದ್ದಿ ಆಗಿಬಿಡುತ್ತದೆ.

ಟೈಮೂ ಮುಖ್ಯ. ಚುನಾವಣೆ ಫಲಿತಾಂಶ, ಬಜೆಟ್ ದಿನ ಬೇಡವೇ ಬೇಡ. ಬೆಳಗ್ಗೆ ನಡೆದದ್ದಾದರೆ ಸಂಜೆ ಸುದ್ದಿಗೆ ಎಡಿಟ್ ಮಾಡಲು ಸಮಯ ಸಿಗುತ್ತದೆ.

ದೂರದರ್ಶನ ಚಂದನದ ಕೃಷಿ ಕಾರ್ಯಕ್ರಮಗಳ ದಾರಿ ಬೇರೆ. ಅಲ್ಲಿ ಅವಸರಕ್ಕೆ ಆಗಲ್ಲ, ಸೀಸನ್ನಿಗೆ ತುಂಬಾ ಮೊದಲೇ ಕಾರ್ಯಕ್ರಮ ನಿರ್ಮಾಪಕರಿಗೆ ಪತ್ರ ಬರೆಯಬೇಕು. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದವರ ಮೂಲಕ ಹೋದರೆ ಇನ್ನೂ ಒಳ್ಳೆಯದು. ನನ್ನ ಪ್ರಕಾರ ರೈತರಿಗೆ ಇದೇ ಹೆಚ್ಚು ಲಾಭ, ಯಾಕಂದ್ರೆ ನೋಡುವವರೂ ರೈತರೇ.

ಕ್ಯಾಮೆರಾ ಬಂದಾಗ ಅಧ್ಯಕ್ಷರನ್ನೇ ಮುಂದೆ ತಳ್ಳಬೇಡಿ. ಹಪ್ಪಳ ಒತ್ತುವ ಅಕ್ಕನೇ ಬೈಟ್ (ಕ್ಯಾಮೆರಾ ಮುಂದೆ ಆಡುವ ಚಿಕ್ಕ ಮಾತು) ಕೊಡಲಿ, ಕೈಯಲ್ಲಿ ಹಿಟ್ಟು ಇದ್ದರೂ ಪರವಾಗಿಲ್ಲ. ಉತ್ತರ ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯಲಿ. ಬಾಯಿಪಾಠ ಮಾಡಿಸಬೇಡಿ. ಬಿಸಿಲು ಬೆನ್ನಿಗೆ ಬಿದ್ದರೆ ಮುಖ ಕಪ್ಪಾಗುತ್ತದೆ, ಜನರೇಟರ್ ಪಕ್ಕ ನಿಂತರೆ ಮಾತೇ ಕೇಳಿಸಲ್ಲ.

ಯಾರಾದರೂ ದುಡ್ಡು ಕೇಳಿದರೆ ಅದು ಜಾಹೀರಾತು, ಸುದ್ದಿ ಅಲ್ಲ. ಬೇಕಿದ್ದರೆ ಚಾನೆಲ್ಲಿನ ಜಾಹೀರಾತು ವಿಭಾಗದಲ್ಲಿ ರೇಟು ಕೇಳಿ, ಬಿಲ್ ತಗೊಂಡು ಕೊಡಿ. ಸಂಘದ ಹೆಂಗಸರು ಕೂಡಿಟ್ಟ ಹಣವನ್ನು ಯಾರ ಕೈಗೋ ಹಾಗೇ ಇಡಬೇಡಿ.

ಪ್ರಸಾರವಾದ ದಿನ ಫೋನುಗಳು ಒಂದರ ಹಿಂದೊಂದು ಬರುತ್ತವೆ. ಎಷ್ಟು ಕೆಜಿ ಸ್ಟಾಕ್ ಇದೆ, ಕೊರಿಯರ್ ಚಾರ್ಜು ಎಷ್ಟು ಅಂತ ಬರೆದಿಟ್ಟುಕೊಂಡು, ಫೋನ್ ಎತ್ತಲು ಒಬ್ಬರನ್ನು ಮೊದಲೇ ಗೊತ್ತು ಮಾಡಿಟ್ಟಿರಿ.