ಪಿಕಪ್ಪಿಗೊಂದು ಟೂಲ್ ಬಾಕ್ಸ್: ಕೊಡಗಿನ ಮಳೆಗೆ ನಿಲ್ಲುವಂಥದ್ದು

ಮಾರ್ಚ್ ತಿಂಗಳು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿದೆ, ರೊಬಸ್ಟಾ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಕೆರೆ ದಂಡೆಯಲ್ಲಿ ಡೀಸೆಲ್ ಪಂಪ್ ಓಡುತ್ತಿದೆ, ನೀರು ಬರುತ್ತಿಲ್ಲ. ಸಕ್ಷನ್ ಪೈಪಿನ ಜಾಯಿಂಟು ಗಾಳಿ ಎಳೆಯುತ್ತಿದೆ, ಎರಡು ನಟ್ಟು ಬಿಗಿ ಮಾಡಿದರೆ ಆಯಿತು. ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರು ಪಿಕಪ್ಪಿನ ಹಿಂದಿದ್ದ ಪೆಟ್ಟಿಗೆ ತೆರೆದರೆ ಹೋದ ಮಳೆಗಾಲದ ಕೆಸರು ಒಣಗಿ ಕೂತಿದೆ. 16-17ರ ಸ್ಪ್ಯಾನರೂ ಪೈಪ್ ರೆಂಚೂ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿವೆ. ಕೊನೆಗೆ ಸ್ಪ್ಯಾನರಿಗಾಗಿ ಪಕ್ಕದ ತೋಟಕ್ಕೆ ಆಳು ಓಡಿದ.

ಸಿದ್ದಾಪುರದಿಂದ ಶ್ರೀಮಂಗಲದವರೆಗೆ ಇಂಥ ಪೆಟ್ಟಿಗೆ ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದಿಗೆ ಕೋವಿ ಒರೆಸಿ, ಎಣ್ಣೆ ಹಚ್ಚಿ, ಕೋವಿ ಹೂವಾದ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವ ಮನೆಗಳಲ್ಲೇ ಸ್ಪ್ಯಾನರಿನ ಗತಿ ಹೀಗೆ. ದುಬಾರಿ ಪೆಟ್ಟಿಗೆ ತಂದವರದ್ದೂ ಇದೇ ಕತೆ. ಯಾಕೆಂದರೆ ಎಲ್ಲರೂ ಬೀಗ ನೋಡಿ ಕೊಳ್ಳುತ್ತಾರೆ, ಮುಚ್ಚಳ ನೋಡುವುದಿಲ್ಲ.

1. ಅಳತೆ

ಪೆಟ್ಟಿಗೆಯ ಜಾಗ ಕ್ಯಾಬಿನ್ನಿನ ಬೆನ್ನಿಗೆ, ಅಡ್ಡಡ್ಡ. ಹಿಂದಿನ ಡೋರಿನ ಹತ್ತಿರ ಬೇಡವೇ ಬೇಡ. ಕಬ್ಬಿಣದ ಭಾರವೆಲ್ಲ ಹಿಂದಿನ ತುದಿಗೆ ಬಿದ್ದರೆ ಏರು ರಸ್ತೆಯಲ್ಲಿ ಗಾಡಿಯ ಮೂತಿ ಹಗುರಾಗುತ್ತದೆ. ಎತ್ತರ ಹಿಂದಿನ ಗಾಜನ್ನು ಮುಚ್ಚಬಾರದು. ಆಳ ಒಂದೂವರೆ ಅಡಿ ಸಾಕು. ಅದಕ್ಕಿಂತ ಜಾಸ್ತಿ ಆದರೆ ತಳದಲ್ಲಿರುವುದನ್ನು ತೆಗೆಯಲು ನೀವೇ ಪೆಟ್ಟಿಗೆಯೊಳಗೆ ಇಳಿಯಬೇಕಾಗುತ್ತದೆ.

2. ರೆಡಿಮೇಡ್ ಬೇಕಾ, ಮಾಡಿಸಬೇಕಾ?

ಮಾಡಿಸಿ. ಅಂಗಡಿಯ ಪ್ಲಾಸ್ಟಿಕ್ ಪೆಟ್ಟಿಗೆ ಮನೆಯ ಶೆಡ್ಡಿಗೆ ಸರಿ. ತೋಟದ ರಸ್ತೆಯ ಕುಲುಕಾಟಕ್ಕೆ ಅದರ ಕೊಂಡಿ ಒಂದು ಕಾಫಿ ಕೊಯ್ಲು ಮುಗಿಯುವಷ್ಟರಲ್ಲಿ ಕಿತ್ತು ಬರುತ್ತದೆ. ಅಲ್ಯೂಮಿನಿಯಂ ಚೆಕ್ಕರ್ ಶೀಟಿನದ್ದು ಹಗುರ, ಕೆಂಪು ತುಕ್ಕೂ ಇಲ್ಲ, ಆದರೆ ಬೆಲೆ ಜಾಸ್ತಿ. ಅದನ್ನು ಕಬ್ಬಿಣದ ಮೇಲೆ ನೇರ ಕೂರಿಸಿದರೆ, ನೀರು ನಿಂತ ಕಡೆ ಅಲ್ಯೂಮಿನಿಯಮ್ಮೇ ಬಿಳಿ ಪುಡಿಯಾಗಿ ತೂತು ಬೀಳುತ್ತದೆ. ನಡುವೆ ರಬ್ಬರ್ ಇರಲೇಬೇಕು. ಸತು ಲೇಪಿಸಿದ ಜಿಐ ಶೀಟಿಗೆ ವೆಲ್ಡಿಂಗ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ನನ್ನ ಆಯ್ಕೆ ಸಾದಾ 16 ಗೇಜಿನ ಕಬ್ಬಿಣದ ಶೀಟ್, ಅಂದರೆ 1.6 ಮಿ.ಮೀ. ದಪ್ಪ. ಕುಶಾಲನಗರದಲ್ಲಾಗಲಿ ಗೋಣಿಕೊಪ್ಪದಲ್ಲಾಗಲಿ ಯಾವ ವೆಲ್ಡಿಂಗ್ ಶಾಪಿನವರೂ ಮಾಡಿಕೊಡುತ್ತಾರೆ, ಹಾಳಾದರೆ ಸರಿಯೂ ಮಾಡುತ್ತಾರೆ. 18 ಗೇಜ್ ಸಾಕು ಎಂದರೆ ಒಪ್ಪಬೇಡಿ, ಗೊಬ್ಬರದ ಮೂಟೆ ತಾಗಿದರೆ ತಗ್ಗು ಬೀಳುತ್ತದೆ. ಒಳಗೂ ಹೊರಗೂ ಎರಡು ಕೋಟ್ ರೆಡ್ ಆಕ್ಸೈಡ್, ಮೇಲೆ ಎನಾಮೆಲ್ ಪೇಂಟ್. ತಳದ ಅಡಿಭಾಗಕ್ಕೂ ಹೊಡೆಯುತ್ತಾರಾ ಎಂದು ನಿಂತು ನೋಡಿ. ನಾನು ಚಾ ಕುಡಿಯಲು ಹೋಗಿ ಬರುವಷ್ಟರಲ್ಲಿ ಪೆಟ್ಟಿಗೆಯನ್ನು ಗಾಡಿ ಮೇಲೆ ಕೂರಿಸಿಯೇ ಬಿಟ್ಟಿದ್ದರು, ಅಡಿಗೆ ಪೇಂಟೇ ಇಲ್ಲ.

3. ಮುಚ್ಚಳ ಮತ್ತು ನೀರು

ಎಲ್ಲರೂ ಎಡವುವುದು ಇಲ್ಲೇ. ಮಡಿಕೇರಿಯಲ್ಲಿ ಸಾಧಾರಣ ವರ್ಷದಲ್ಲೇ 3,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಈ ಮಳೆ ಮೇಲಿಂದ ಮಾತ್ರ ಬರುವುದಿಲ್ಲ, ಗಾಳಿಯ ಜೊತೆ ಅಡ್ಡಕ್ಕೆ ಬಂದು ಹೊಡೆಯುತ್ತದೆ.

ಮುಚ್ಚಳ ಪೆಟ್ಟಿಗೆಯ ಬಾಯಿಗೆ ಸಮವಾಗಿ ಕೂರಬಾರದು. ಅಕ್ಕಿ ಡಬ್ಬದ ಮುಚ್ಚಳದ ಹಾಗೆ, ಹಿಂಜಿನ ಬದಿ ಬಿಟ್ಟು ಉಳಿದ ಮೂರೂ ಕಡೆ ಒಂದಿಂಚು ಕೆಳಗೆ ಇಳಿದು ನಿಲ್ಲಬೇಕು. ಮೇಲ್ಭಾಗ ಚಪ್ಪಟೆ ಬೇಡ, ಹಿಂದಿನಿಂದ ಮುಂದಕ್ಕೆ ಅರ್ಧ ಇಂಚಾದರೂ ಇಳಿಜಾರು ಕೊಡಿಸಿ. ಪೆಟ್ಟಿಗೆಯ ಬಾಯಿಯ ಅಂಚನ್ನು ಮೇಲ್ಮುಖವಾಗಿ ನಿಲ್ಲಿಸಿ, ಅದಕ್ಕೆ ಕಾರಿನ ಡೋರಿಗೆ ಹಾಕುವ ಟೊಳ್ಳು ರಬ್ಬರ್ ಬೀಡಿಂಗ್ ಕಚ್ಚಿಸಿ. ಹಿಂದೆ ಅಂಟಿರುವ ಸ್ಪಂಜಿನ ಪಟ್ಟಿ ಅಗ್ಗಕ್ಕೆ ಸಿಗುತ್ತದೆ, ತರಬೇಡಿ. ಅದು ನೀರು ತಡೆಯುವುದಿಲ್ಲ, ಕುಡಿಯುತ್ತದೆ. ಕುಡಿದದ್ದನ್ನು ವಾರಗಟ್ಟಲೆ ಹಿಡಿದುಕೊಂಡು ಪಕ್ಕದ ಶೀಟಿಗೆ ತುಕ್ಕು ತರಿಸುತ್ತದೆ. ಬೀಡಿಂಗಿನ ಎರಡು ತುದಿ ಸೇರುವ ಜಾಗ ಹಿಂಜಿನ ಕಡೆಗೇ ಇರಲಿ, ಮುಂದಿನ ಮೂಲೆಯಲ್ಲಿ ಬೇಡ.

ಹಿಂಜ್ ಇರುವ ಬದಿ ಮುಚ್ಚಳ ಕೆಳಗೆ ಇಳಿಯಲು ಆಗುವುದಿಲ್ಲ ಅಲ್ವಾ? ಆ ಸಂದಿಗೆ ಹಳೆ ಟ್ಯೂಬಿನ ಮೂರಿಂಚು ಅಗಲದ ಪಟ್ಟಿಯನ್ನು ಮೇಲಿಂದ ಹೊದಿಸಿ. ಒಂದು ಅಂಚು ಮುಚ್ಚಳಕ್ಕೆ ರಿವೆಟ್, ಇನ್ನೊಂದು ಸುಮ್ನೆ ಜೋತಾಡಲಿ. ಬೀಗದ ಮೇಲೂ ಇಂಥದ್ದೇ ಒಂದು ತುಂಡು.

ಇಷ್ಟೆಲ್ಲ ಮಾಡಿದರೂ ನೀರು ಬರುತ್ತದೆ. ಮಳೆಯಲ್ಲಿ ಮುಚ್ಚಳ ತೆರೆಯಲೇಬೇಕು, ಒದ್ದೆ ಹಗ್ಗ ಹಾಕಲೇಬೇಕು. ಹಗಲು ಬೆಚ್ಚಗಾದ ಒಳಗಿನ ಗಾಳಿ ರಾತ್ರಿ ತಣ್ಣಗಾದಾಗ ಮುಚ್ಚಳದ ಅಡಿಯಲ್ಲಿ ಹನಿ ಕಟ್ಟುತ್ತದೆ. ಅದಕ್ಕೇ ತಳದ ನಾಲ್ಕು ಮೂಲೆಗೂ 8 ಮಿ.ಮೀ. ತೂತು ಬೇಕು, ಇರುವೆ ಬಾರದಂತೆ ಒಳಗಿನಿಂದ ಸಣ್ಣ ಜಾಲರಿ. ನನ್ನ ಮೊದಲ ಪೆಟ್ಟಿಗೆಗೆ ನಾನು ಜಾಣತನ ಮಾಡಿ ಒಂದು ಸಂದಿಯನ್ನೂ ಬಿಡದೆ ಸಿಲಿಕೋನ್ ತುಂಬಿದ್ದೆ, ತೂತು ಇಟ್ಟಿರಲಿಲ್ಲ. ಜುಲೈ-ಆಗಸ್ಟಿನ ಕಕ್ಕಡ ತಿಂಗಳು ಮುಗಿಯುವಾಗ ಒಳಗೆ ಮೀನು ಸಾಕಬಹುದಿತ್ತು. ಡ್ರಿಲ್ ಮೆಷಿನ್ ಅದರಲ್ಲೇ ಮುಳುಗಿ ಸತ್ತಿತು.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಒಳಗೆ ತಳಕ್ಕೂ ಬದಿಗಳಿಗೂ ಹಳೆ ಪೇಪರ್ ಹಾಸಿ, ಮುಚ್ಚಳ ಹಾಕಿ, ಹತ್ತು ನಿಮಿಷ ಪೈಪಿನಿಂದ ನೀರು ಹೊಡೆಯಿರಿ. ಮೇಲಿಂದ ಹೊಡೆದರೆ ಸಾಲದು, ಹಿಂಜಿನ ಬದಿಗೆ ಓರೆಯಾಗಿ ಹೊಡೆಯಿರಿ. ತೆರೆದಾಗ ಪೇಪರ್ ಎಲ್ಲಿ ಕಪ್ಪಾಗಿದೆಯೋ ಸೋರಿಕೆ ಅಲ್ಲಿದೆ. ವೆಲ್ಡಿಂಗಿನವರು ಮುಖ ಗಂಟು ಹಾಕಿದರೆ ಹಾಕಲಿ.

4. ಕೂರಿಸುವುದು

ಗಾಡಿಗೆ ವೆಲ್ಡ್ ಮಾಡಬೇಡಿ. 10 ಮಿ.ಮೀ.ನ ನಾಲ್ಕು ಬೋಲ್ಟು, ಅಡಿಯಲ್ಲಿ ಅಗಲದ ವಾಷರ್, ಕುಲುಕಾಟಕ್ಕೆ ಸಡಿಲವಾಗದ ನೈಲಾಕ್ ನಟ್ಟು. ಡ್ರಿಲ್ ಹಾಕುವ ಮೊದಲು ಗಾಡಿಯಡಿ ಮಲಗಿ ನೋಡಿ: ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್, ವೈರು ಎಲ್ಲಿವೆ ಎಂದು. ಪೆಟ್ಟಿಗೆಯಡಿ ಒಂದಿಂಚು ದಪ್ಪದ ರಬ್ಬರ್ ಪಟ್ಟಿ ಎರಡು ಇಟ್ಟರೆ ನೀರು ಕೆಳಗಿನಿಂದ ಹರಿದುಹೋಗುತ್ತದೆ. ಕೊರೆದ ತೂತಿನ ಅಂಚಿಗೆ ಪೇಂಟ್ ಮರೆಯಬೇಡಿ.

5. ಒಳಗೆ ಏನು, ಹೇಗೆ

ಸ್ಪ್ಯಾನರೆಲ್ಲ ಒಂದು ಕಡೆ, ಸ್ಕ್ರೂಡ್ರೈವರೆಲ್ಲ ಇನ್ನೊಂದು ಕಡೆ ಜೋಡಿಸುವುದು ನೋಡಲು ಚೆಂದ. ಕೆಲಸಕ್ಕೆ ಬರುವುದಿಲ್ಲ. ಕೆಲಸಕ್ಕೊಂದು ಚೀಲ ಮಾಡಿ. ಟೈಲರ್ ಹತ್ತಿರ ಟಾರ್ಪಾಲ್ ಬಟ್ಟೆಯಲ್ಲಿ ಹೊಲಿಸಿದರೆ ಸಾಕು. ಗೋಣಿ ಬೇಡ, ತೇವ ಹಿಡಿಯುತ್ತದೆ.

ಪಂಪಿನ ಚೀಲದಲ್ಲಿ ಪೈಪ್ ರೆಂಚ್, 10ರಿಂದ 19ರವರೆಗಿನ ರಿಂಗ್ ಸ್ಪ್ಯಾನರ್, ಹ್ಯಾಕ್ಸಾ, ಟೆಫ್ಲಾನ್ ಟೇಪ್, ಹಳೆ ಟ್ಯೂಬು. ಕಳೆ ಮೆಷಿನ್ ಮತ್ತು ಮರ ಕುಯ್ಯುವ ಮೆಷಿನ್ನಿನ ಚೀಲದಲ್ಲಿ ಪ್ಲಗ್ ಸ್ಪ್ಯಾನರ್, ಒಂದು ಹೊಸ ಪ್ಲಗ್, ಚೈನ್ ಸಾಣೆಯ ದುಂಡು ಅರ. ಅರದ ಅಳತೆ ಚೈನಿಗೆ ತಕ್ಕ ಹಾಗೆ ಬದಲಾಗುತ್ತದೆ, ಹಳೆ ಅರವನ್ನೇ ಅಂಗಡಿಗೆ ಹಿಡಿದುಕೊಂಡು ಹೋಗಿ. ಜಾಕಿ, ವೀಲ್ ಸ್ಪ್ಯಾನರ್, ಹಗ್ಗ ಎಲ್ಲ ತಳಕ್ಕೆ.

ನೂರು ಪೀಸಿನ ಸೆಟ್ ಎಂದು ಸೂಟ್‌ಕೇಸಿನಲ್ಲಿ ಮಾರುತ್ತಾರಲ್ಲ, ಅದರಲ್ಲಿ ತೊಂಬತ್ತು ಪೀಸು ನೀವು ಮುಟ್ಟುವುದಿಲ್ಲ, ಉಳಿದ ಹತ್ತು ಬಿಗಿ ನಟ್ಟಿಗೆ ಬಾಯಿ ಬಿಡುತ್ತವೆ. ಅದೇ ದುಡ್ಡಿಗೆ ತಪಾರಿಯಾದಂಥ ಕಂಪನಿಯ ಆರು ರಿಂಗ್ ಸ್ಪ್ಯಾನರ್ ತನ್ನಿ.

ಡ್ರಿಲ್ ಬಿಟ್, ಅರ, ಪ್ಲಗ್‌ಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್. ಈ ಜೆಲ್ಲನ್ನು ದೊಡ್ಡ ಪೆಟ್ಟಿಗೆಯೊಳಗೆ ಸುಮ್ನೆ ಎಸೆದರೆ ದಂಡ. ತೂತಿರುವ ಪೆಟ್ಟಿಗೆಯಲ್ಲಿ ಅದು ಕೊಡಗಿನ ಗಾಳಿಯನ್ನೆಲ್ಲ ಒಣಗಿಸಬೇಕಾಗುತ್ತದೆ. ಉಳಿದದ್ದಕ್ಕೆ ಮೆಷಿನ್ ಆಯಿಲ್ ಹಚ್ಚಿದ ಬಟ್ಟೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ. ತೆಂಗಿನೆಣ್ಣೆ ಬೇಡ, ಅಂಟಾಗುತ್ತದೆ. ಪೆಟ್ರೋಲ್ ಕ್ಯಾನು ಪೆಟ್ಟಿಗೆಯೊಳಗೆ ಯಾವತ್ತೂ ಬೇಡ, ಹೊರಗೆ ನೆಟ್ಟಗೆ ಕಟ್ಟಿ.

ಟಾರ್ಚ್, ಕತ್ತಿ ಮತ್ತು ಪೆಟ್ಟಿಗೆಯ ಎರಡನೇ ಕೀ ಮಾತ್ರ ಡ್ರೈವರ್ ಸೀಟಿನ ಹಿಂದೆ ಇರಲಿ. ಜುಲೈ ರಾತ್ರಿ ಸಿಲ್ವರ್ ಓಕ್ ರಸ್ತೆಗೆ ಅಡ್ಡ ಬಿದ್ದಿರುವಾಗ, ಟಾರ್ಚ್ ತೆಗೆಯಲು ಟಾರ್ಚ್ ಹುಡುಕಿದವರನ್ನು ನೋಡಿದ್ದೇನೆ.