ದೀಪದ ಚಿತ್ರದ ಮುಂದೆ ಅರ್ಧ ತಾಸು

ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಈಗ ಚಿತ್ರಶಾಲೆಯಾಗಿರುವ ಮೈಸೂರಿನ ಜಗನ್ಮೋಹನ ಅರಮನೆಗೆ ಮಕ್ಕಳನ್ನು ಮೊದಲ ಸಲ ಕರೆದೊಯ್ದದ್ದು ಶಾಲೆಯ ಪ್ರವಾಸದಲ್ಲಿ. ಅಂಬಾವಿಲಾಸ ಅರಮನೆ, ಝೂ, ಚಾಮುಂಡಿ ಬೆಟ್ಟ, ಇವುಗಳ ನಡುವೆ ಇದಕ್ಕೆ ಸಿಕ್ಕಿದ್ದು ಮುಕ್ಕಾಲು ತಾಸು. ಸಾಲಾಗಿ ಒಳಗೆ ಹೋದೆವು, ಸಾಲಾಗಿ ಹೊರಗೆ ಬಂದೆವು. ಊರಿಗೆ ಬಂದು ಕೇಳಿದರೆ ಎಲ್ಲರಿಗೂ ನೆನಪಿದ್ದದ್ದು ಫ್ರಾನ್ಸಿನ ಗಡಿಯಾರ ಮಾತ್ರ. ಗಂಟೆಗೊಮ್ಮೆ ಪುಟ್ಟ ಸಿಪಾಯಿಗಳು ಕವಾಯತು ಮಾಡುವ ಗಡಿಯಾರ ಅದು. ರವಿವರ್ಮನ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ತಪ್ಪು ಮಕ್ಕಳದಲ್ಲ, ನಾನು ತೋರಿಸಿದ ರೀತಿಯದು.

ಎರಡನೇ ಸಲ 14 ಮಕ್ಕಳನ್ನಷ್ಟೇ ಕರೆದುಕೊಂಡು ಹೊರಟೆ. ಇಡೀ ಬೆಳಗು ಜಗನ್ಮೋಹನಕ್ಕೇ ಅಂತ ಇಟ್ಟೆ. ನಿಂತು ನೋಡುವುದು ಎರಡೇ ಚಿತ್ರ.

ತಯಾರಿ ಒಂದು ವಾರ ಮೊದಲೇ ಶುರುವಾಯಿತು. ತರಗತಿಯ ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದೆ. ಒಂದು ಪಣತಿ ಹಚ್ಚಿ, ಒಬ್ಬೊಬ್ಬರಾಗಿ ಬಂದು ಗಾಳಿಗೆ ಮರೆ ಮಾಡುವ ಹಾಗೆ ಅಂಗೈ ಹಿಡಿಯಲು ಹೇಳಿದೆ. ಒಬ್ಬ ಹುಡುಗಿ ಕೂಗಿಯೇ ಬಿಟ್ಟಳು: "ಟೀಚರ್, ಬೆರಳ ಸಂದ್ಯಾಗ ಕೆಂಪಗ ಕಾಣಾಕತ್ತೈತ್ರೀ!" ಬೆಳಕು ಬೆರಳಿನ ಅಂಚಿನ ತೆಳು ಚರ್ಮದ ಮೂಲಕ ಹಾದು ಬರುತ್ತದೆ. ಒಳಗೆ ರಕ್ತವಿದೆ, ಅದಕ್ಕೇ ಆ ಕೆಂಪು. ಮರುದಿನ ಜಲವರ್ಣದ ಪಾಠ. ಬಿಳಿ ಬೇಕಾದ ಕಡೆ ಕುಂಚ ಮುಟ್ಟಿಸಬಾರದು, ಕಾಗದವೇ ಬೆಳಕಾಗಬೇಕು. ಎಣ್ಣೆ ಬಣ್ಣದ ಹಾಗೆ ಇಲ್ಲಿ ಮೇಲೆ ಹಚ್ಚಿ ತಿದ್ದಲು ಆಗುವುದಿಲ್ಲ. ಎಲ್ಲರೂ ಎರಡು ಮೂರು ಹಾಳೆ ಕೆಡಿಸಿದರು. ನನಗೂ ಅದೇ ಬೇಕಿತ್ತು. ಕೆಡಿಸಿದವರಿಗೇ ಅದರ ಕಷ್ಟ ಗೊತ್ತಾಗುವುದು.

ಅರಮನೆಯ ಕಥೆಯನ್ನು ರಾತ್ರಿ ರೈಲಿನಲ್ಲಿ ಹೇಳಿ ಮುಗಿಸಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ರಾಜಮನೆತನ ಇಲ್ಲಿಯೇ ಇತ್ತು. 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ಸಿಕ್ಕಿದ್ದೂ ಇಲ್ಲಿಯೇ. 1915ರಿಂದ ಇದು ಚಿತ್ರಶಾಲೆ.

ಒಳಗೆ ಮೊದಲು ರವಿವರ್ಮನ ಸಂಗೀತಗಾರ್ತಿಯರ ಚಿತ್ರದ ಮುಂದೆ ನಿಂತೆವು. 1889ರ ಸುಮಾರಿಗೆ ಮೈಸೂರು ಮಹಾರಾಜರಿಗಾಗಿ ಬರೆದದ್ದು. ಬೇರೆ ಬೇರೆ ಪ್ರಾಂತ್ಯದ ಉಡುಗೆಯಲ್ಲಿ ಹನ್ನೊಂದು ಹೆಂಗಸರು. ನಾನು ಏನನ್ನೂ ವಿವರಿಸಲಿಲ್ಲ. ಎಣಿಸಿ, ಯಾರ ಕಣ್ಣು ಎಲ್ಲಿದೆ ನೋಡಿ ಅಂದೆ, ಅಷ್ಟೇ. ಮನೆಯಲ್ಲಿ ಇಳಕಲ್ ಸೀರೆಯ ಸೆರಗು ನೋಡಿ ಬೆಳೆದ ಹುಡುಗಿಯರು ನೆರಿಗೆ, ಅಂಚು ಅಂತ ಮಾತಿಗಿಳಿದರು. ಹಿಂದೆ ನಿಂತಿದ್ದ ಒಬ್ಬಳು ಮೆಲ್ಲಗೆ, "ಇಷ್ಟು ಮಂದಿ ಅದಾರ, ಯಾರೂ ನಗವಲ್ರಲ್ರೀ" ಅಂದಳು. ಅಷ್ಟು ವರ್ಷ ಅದನ್ನೇ ಪುಸ್ತಕದಲ್ಲಿ ನೋಡಿದ್ದರೂ ನನಗದು ಹೊಳೆದಿರಲಿಲ್ಲ.

ಆಮೇಲೆ ದೀಪದ ಚಿತ್ರ. ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಅಂಗೈಯನ್ನು ಅದಕ್ಕೆ ಮರೆ ಮಾಡಿ ನಿಂತ ಹೆಂಗಸು. ಕ್ಯಾಲೆಂಡರುಗಳಲ್ಲಿ ನೀವೂ ನೋಡಿರುತ್ತೀರಿ. ಎಷ್ಟೋ ಜನ ಇದನ್ನೂ ರವಿವರ್ಮನದು ಅನ್ನುತ್ತಾರೆ. ಅಲ್ಲ, ಸಾವಂತವಾಡಿಯ ಎಸ್.ಎಲ್. ಹಲ್ದಂಕರ್ ಬರೆದದ್ದು. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಚಿತ್ರವನ್ನು ಕತ್ತಲೆ ಕೋಣೆಯಲ್ಲಿ ಇಟ್ಟಿದ್ದಾರೆ, ಹಾಗಾಗಿ ಬೆಳಕು ಆ ಕೈಯಿಂದಲೇ ಬಂದಂತೆ ಕಾಣುತ್ತದೆ. "ಇದು ಜಲವರ್ಣ" ಅಂದೆ. ಹಾಳೆ ಕೆಡಿಸಿದ್ದ ಮಕ್ಕಳು ಒಮ್ಮೆಲೇ ಸುಮ್ಮನಾದರು. ಆ ಮೌನಕ್ಕೆ ನನ್ನ ಕಣ್ಣು ತುಂಬಿ ಬಂತು.

ಅರ್ಧ ತಾಸು ಅಲ್ಲೇ ಇದ್ದೆವು. ಬೇರೆ ಜನ ಬಂದಾಗ ಗೋಡೆ ಹಿಡಿದು ಜಾಗ ಬಿಟ್ಟೆವು, ಅವರು ಹೋದ ಮೇಲೆ ಮತ್ತೆ ಮುಂದೆ ಬಂದೆವು. ಯಾವಾಗಲೂ ಮಾತೇ ಆಡದ ಒಬ್ಬ ಹುಡುಗ ತನ್ನ ಅಂಗೈಯನ್ನು ಎದೆಯ ಹತ್ತಿರ ಹಿಡಿದು, ಬೆರಳುಗಳನ್ನು ಬಿಡಿಸಿ ಕೂಡಿಸಿ ಮಾಡುತ್ತಿದ್ದ.

ಸೋಮವಾರ ಅವನು ಒಂದು ಹಾಳೆ ತಂದು ಮೇಜಿನ ಮೇಲಿಟ್ಟ. ಅಡಿಗೆಮನೆಯಲ್ಲಿ ಅವನ ಅವ್ವ, ಒಲೆಯ ಮುಂದೆ. ಮುಖ ಸರಿಯಾಗಿ ಬಂದಿರಲಿಲ್ಲ. ಉರಿ ಇರುವ ಕಡೆ ಮಾತ್ರ ಕಾಗದವನ್ನು ಹಾಗೇ ಬಿಳಿ ಬಿಟ್ಟಿದ್ದ.